ಗಿಟಾರ್ ಎಲ್ಲಿ ಹೋಯ್ತು ಅಂತ ಕೇಳಿದವರಿಗೆ

ಬ್ರಿಟನ್‌ನ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್‌ನ 'ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಅಂಡ್ ಕ್ಯಾಸಿನೊ' ಬಂದಿದ್ದು 2018ರ ಮೇ ತಿಂಗಳಲ್ಲಿ. ಇವತ್ತಿಗೂ ಆ ಆಲ್ಬಂ ಮಾತೆತ್ತಿದರೆ ಸಾಕು, ಜಗಳ ಶುರು. ಕೆಲವರಿಗೆ ಅದು ಅವರ ಅತ್ಯುತ್ತಮ ಕೆಲಸ. ಇನ್ನು ಕೆಲವರಿಗೆ ಪೂರ್ತಿ ಕೇಳಿ ಮುಗಿಸುವುದೇ ಕಷ್ಟ, 'ಗಿಟಾರ್ ಎಲ್ಲಿ ಹೋಯ್ತು' ಅನ್ನುವುದೇ ಅವರ ದೂರು. ನನಗೆ ಅದು ತುಂಬಾ ಇಷ್ಟ. ಹಾಗಂತ ಬೈದವರೆಲ್ಲ ಸುಮ್ನೆ ಬೈದರು ಅಂತ ಹೇಳಲಾರೆ.

ಅವರ ಬೇಸರಕ್ಕೆ ಕಾರಣ ಇದೆ. ಶೆಫೀಲ್ಡ್‌ನ ಈ ಹುಡುಗರ ಮೊದಲ ಆಲ್ಬಂ 2006ರಲ್ಲಿ ಬಂದಾಗ ಬ್ರಿಟನ್‌ನಲ್ಲಿ ಒಂದೇ ವಾರಕ್ಕೆ 3 ಲಕ್ಷ 60 ಸಾವಿರಕ್ಕೂ ಜಾಸ್ತಿ ಪ್ರತಿ ಮಾರಾಟವಾಗಿತ್ತು. ಅದರಲ್ಲಿ ಇದ್ದದ್ದು ಓಡುವ ಗಿಟಾರ್, ಶನಿವಾರ ರಾತ್ರಿಯ ಕ್ಲಬ್ಬು, ಟ್ಯಾಕ್ಸಿ, ತಮ್ಮೂರಿನ ಮಾತಿನ ಧಾಟಿ. 2013ರ 'ಎಎಂ' ಆಲ್ಬಂ ಅವರನ್ನು ಜಗತ್ತಿಗೆಲ್ಲ ಮುಟ್ಟಿಸಿತು. ಗಿಟಾರ್ ಕಲಿಯುವ ಎಷ್ಟೋ ಹುಡುಗರು ಅದರ 'ಡೂ ಐ ವಾನಾ ನೋ' ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಹಿಡಿದು ಕೂತರು. ಆಮೇಲೆ ಸುಮಾರು ಐದು ವರ್ಷ ಹೊಸ ಆಲ್ಬಂ ಇಲ್ಲ. ಬಂದಾಗ ಮೊದಲೇ ಒಂದು ಹಾಡು ಬಿಟ್ಟು ರುಚಿ ತೋರಿಸಲೂ ಇಲ್ಲ. ಆಲ್ಬಂ ಒಟ್ಟಿಗೇ ಬಂತು, ಕೇಳಿದರೆ ಎಲ್ಲೆಲ್ಲೂ ಪಿಯಾನೊ!

ಗಾಯಕ ಅಲೆಕ್ಸ್ ಟರ್ನರ್‌ಗೆ 30 ತುಂಬಿದಾಗ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೊ ಉಡುಗೊರೆ ಕೊಟ್ಟಿದ್ದರು. ಲಾಸ್ ಏಂಜಲೀಸ್‌ನ ಮನೆಯಲ್ಲಿ ಅದರ ಮುಂದೆ ಕೂತು ಹುಟ್ಟಿಸಿದ ಹಾಡುಗಳಿವು. ಕೈಗೆ ಬೇರೆ ವಾದ್ಯ ಸಿಕ್ಕರೆ ಹಾಡು ಬೇರೆ ದಾರಿ ಹಿಡಿಯುತ್ತೆ, ಅಲ್ವಾ? 'ಸ್ಟಾರ್ ಟ್ರೀಟ್‌ಮೆಂಟ್' ಹಾಡು ಸುಮಾರು ಆರು ನಿಮಿಷ ಇದೆ, ಎಲ್ಲೂ ಅವಸರ ಇಲ್ಲ. ಟರ್ನರ್ ಅರ್ಧ ಹಾಡುತ್ತಾ, ಅರ್ಧ ಮಾತಾಡುತ್ತಾ ಸಾಗುತ್ತಾನೆ. ತಾನು ಅಮೆರಿಕದ ರಾಕ್ ಬ್ಯಾಂಡ್ 'ದಿ ಸ್ಟ್ರೋಕ್ಸ್' ಥರ ಆಗಬೇಕು ಅಂದುಕೊಂಡಿದ್ದೆ ಅಂತ ಮೊದಲ ಸಾಲಲ್ಲೇ ಒಪ್ಪಿಕೊಳ್ಳುತ್ತಾನೆ. ಅಷ್ಟು ದೊಡ್ಡ ಸ್ಟಾರ್ ಹೀಗೆ ಶುರು ಮಾಡಿದ್ದು ನನಗೆ ಬಹಳ ಹಿಡಿಸಿತು.

ಆಲ್ಬಮ್ಮಿನ ಹೋಟೆಲ್ ಇರುವುದು ಚಂದ್ರನ ಮೇಲೆ, 1969ರಲ್ಲಿ ಅಪೊಲೊ 11 ಇಳಿದ ಜಾಗದ ಹೆಸರಲ್ಲಿ. 'ಫೋರ್ ಔಟ್ ಆಫ್ ಫೈವ್' ಹಾಡಿನಲ್ಲಿ ಅಲ್ಲೊಂದು ಟ್ಯಾಕೊ (ಮೆಕ್ಸಿಕೊದ ತಿಂಡಿ) ಅಂಗಡಿಯ ಜಾಹೀರಾತು ಬರುತ್ತೆ. ಐದಕ್ಕೆ ನಾಲ್ಕು ಸ್ಟಾರ್ ಸಿಕ್ಕಿದೆ ಅಂತ ಹೆಮ್ಮೆ ಬೇರೆ. ಚಂದ್ರಲೋಕಕ್ಕೆ ಹೋದರೂ ಮನುಷ್ಯ ರೇಟಿಂಗ್ ನೋಡಿಯೇ ತಿನ್ನಲು ಹೋಗುತ್ತಾನೆ. ನಮ್ಮ ಕಾಲದ ಬಗ್ಗೆ ಇಷ್ಟು ಚುರುಕಾಗಿ ಬರೆದ ರಾಕ್ ಹಾಡು ನಾನು ಜಾಸ್ತಿ ಕೇಳಿಲ್ಲ.

'ಗಿಟಾರ್ ಇಲ್ಲ' ಅನ್ನುವ ದೂರನ್ನು ನಾನು ಒಪ್ಪುವುದಿಲ್ಲ. ಅದು ಹಳೇ ಆಲ್ಬಮ್ಮನ್ನೇ ಮತ್ತೆ ಮಾಡಿಕೊಡಿ ಅನ್ನುವ ಹಟ. ಆದರೆ 'ಬ್ಯಾಂಡ್ ಎಲ್ಲಿ' ಅನ್ನುವ ದೂರು ಸರಿ. ಮ್ಯಾಟ್ ಹೆಲ್ಡರ್ಸ್ ಅಂಥ ಡ್ರಮ್ಮರ್ ಇಲ್ಲಿ ಹಿಂದೆ ಸರಿದು ಕೂತಿದ್ದಾನೆ. ಹಳೇ ಹಾಡುಗಳನ್ನು ಎಳೆದುಕೊಂಡು ಹೋಗುತ್ತಿದ್ದದ್ದೇ ಅವನ ಏಟು. ಅದಿಲ್ಲದೆ ನಡುವಿನ ಎರಡು ಮೂರು ಹಾಡುಗಳು ಒಂದೇ ಥರ ಕೇಳಿಸುತ್ತವೆ, ಟರ್ನರ್ ಒಬ್ಬನದೇ ಆಲ್ಬಂ ಅನ್ನಿಸುತ್ತೆ.

2022ರಲ್ಲಿ ಬಂದ ಅವರ ಮುಂದಿನ ಆಲ್ಬಂ 'ದಿ ಕಾರ್' ಕೂಡ ಹಳೇ ಸದ್ದಿಗೆ ಮರಳಲಿಲ್ಲ. ಆದರೆ ಅಲ್ಲಿ ವಯಲಿನ್‌ಗಳ ನಡುವೆಯೂ ನಾಲ್ಕೂ ಜನ ಒಟ್ಟಿಗೆ ಇದ್ದಾರೆ ಅನ್ನಿಸುತ್ತೆ. 2018ರಲ್ಲಿ ಅರ್ಧಕ್ಕೆ ಬಿಟ್ಟವರು 'ದಿ ಕಾರ್' ಮೊದಲು ಕೇಳಿ. ಆಮೇಲೆ 'ಫೋರ್ ಔಟ್ ಆಫ್ ಫೈವ್'ಗೆ ಬನ್ನಿ, ಹೆಡ್‌ಫೋನ್ ಹಾಕಿಕೊಂಡು. ಆಗಲೂ ಹಿಡಿಸದಿದ್ದರೆ ಕಾಮೆಂಟಲ್ಲಿ ಬರೆಯಿರಿ, ಮಾತಾಡೋಣ.