ಕೆಡಿಎಂ ಅಂದ್ರೆ ಒಳ್ಳೇ ಚಿನ್ನ ಅಂದುಕೊಂಡವರಿಗೆ

ಚಿನ್ನದ ರೇಟು ಗೊತ್ತಿಲ್ಲದವರು ಬೆಂಗಳೂರಲ್ಲಿ ಸಿಗೋದು ಕಷ್ಟ. ಬೆಳಿಗ್ಗೆ ಹಾಲಿನ ಬೂತ್ ಹತ್ತಿರವೂ ಅದೇ ಮಾತು. ಆದರೆ ಒಡವೆ ಅಂಗಡಿಯಲ್ಲಿ ಕೂತಾಗ ನಾವು ಕೇಳೋದು ಒಂದೇ: "ವೇಸ್ಟೇಜ್ ಎಷ್ಟು ಪರ್ಸೆಂಟ್?" ಅದರಲ್ಲಿ ಚೂರು ಇಳಿಸಿಕೊಂಡು, ಅವರು ಕೊಟ್ಟ ಜ್ಯೂಸ್ ಕುಡಿದು, ಗೆದ್ದವರ ಹಾಗೆ ಹೊರಗೆ ಬರ್ತೀವಿ.

ನಮ್ಮ ಚಿಕ್ಕಮ್ಮ ಇವತ್ತಿಗೂ ಬಳೆ ತೋರಿಸಿ "ಕೆಡಿಎಂ ಚಿನ್ನ ಕಣೇ, ಇವಾಗ ಇಂಥದ್ದು ಸಿಗಲ್ಲ" ಅಂತಾರೆ. ಸಿಗಲೂಬಾರದು. ಕೆಡಿಎಂ ಅಂದರೆ ಕ್ಯಾಡ್ಮಿಯಂ. ವಿಷದ ಲೋಹ.

ಒಂದು ಜುಮುಕಿಯನ್ನ ಕಣ್ಣಿನ ಹತ್ತಿರ ಹಿಡಿದು ನೋಡಿ. ಅಂಚಿನಲ್ಲಿ ಸಾಲಾಗಿ ಕೂತ ಸಾಸಿವೆ ಗಾತ್ರದ ಗುಂಡುಗಳನ್ನ ಒಂದೊಂದಾಗಿ ಬೆಸುಗೆ ಹಾಕಿ ಕೂರಿಸಿರ್ತಾರೆ. ಬೆಸುಗೆ ಒಡವೆಗಿಂತ ಕಡಿಮೆ ಶಾಖಕ್ಕೆ ಕರಗಬೇಕು, ಇಲ್ಲದಿದ್ದರೆ ಜುಮುಕಿಯೇ ಕರಗಿಹೋಗುತ್ತೆ. ಅದಕ್ಕೇ ಹಿಂದೆ ಬೆಸುಗೆಗೆ ಧಾರಾಳವಾಗಿ ತಾಮ್ರ ಸೇರಿಸ್ತಿದ್ದರು. ಕುಸುರಿ ಕೆಲಸ ಹೆಚ್ಚಿದ್ದಷ್ಟೂ, ಕರಗಿಸಿದಾಗ ಕ್ಯಾರೆಟ್ ಇಳಿಯುತ್ತಿತ್ತು. ಈ ತಲೆನೋವಿಗೆ ಸಿಕ್ಕ ಮದ್ದು ಕ್ಯಾಡ್ಮಿಯಂ. 92 ಪಾಲು ಚಿನ್ನಕ್ಕೆ 8 ಪಾಲು ಸೇರಿಸಿದರೆ ಸಾಕು, ಬೆಸುಗೆ ಸಲೀಸು. ಚಿನ್ನ ಕರಗೋದು 1,064 ಡಿಗ್ರಿ ಸೆಲ್ಸಿಯಸ್‌ಗೆ, ಕ್ಯಾಡ್ಮಿಯಂ 767ಕ್ಕೇ ಕುದಿದು ಆವಿಯಾಗಿಬಿಡುತ್ತೆ. ಒಡವೆಯ ಶುದ್ಧತೆ ಉಳೀತು. ಆವಿ ಎಲ್ಲಿ ಹೋಯ್ತು? ಗಾಳಿಯಾಡದ ಸಣ್ಣ ಕೋಣೆಯಲ್ಲಿ ಊದುಗೊಳವೆ ಹಿಡಿದು ಕೂತವನ ಶ್ವಾಸಕೋಶಕ್ಕೆ, ಅಲ್ಲಿಂದ ಅವನ ಕಿಡ್ನಿಗೆ. ಈಗ ಹಾಲ್‌ಮಾರ್ಕ್ (ಶುದ್ಧತೆ ಪರೀಕ್ಷಿಸಿ ಒತ್ತಿದ ಮುದ್ರೆ) ಇರೋ ಒಡವೆಗೆ ಕ್ಯಾಡ್ಮಿಯಂ ಬೆಸುಗೆ ನಿಷಿದ್ಧ. ಆದರೂ ನಮ್ಮ ಬಾಯಲ್ಲಿ ಕೆಡಿಎಂ ಇನ್ನೂ ಪ್ರಶಸ್ತಿಯ ಥರ ಉಳಿದುಕೊಂಡಿದೆ. ನನಗೆ ಸಿಟ್ಟು ಬರೋದು ಇದಕ್ಕೇ.

ಪಕ್ಕದ ಕೆಜಿಎಫ್‌ನಲ್ಲೂ ಬೆಲೆ ತೆತ್ತದ್ದು ಶ್ವಾಸಕೋಶವೇ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬೆಣಚುಕಲ್ಲು ಒಡೆದವರಿಗೆ ಅದರ ಧೂಳಿನಿಂದ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂತು. ನೂರಿಪ್ಪತ್ತು ವರ್ಷದಲ್ಲಿ ಅಲ್ಲಿಂದ 800 ಟನ್ನಿಗೂ ಹೆಚ್ಚು ಚಿನ್ನ ಬಂತು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. (ಶಿವನಸಮುದ್ರದ ಕರೆಂಟು 1902ರಲ್ಲೇ ಗಣಿಗೆ ಹೋಯ್ತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಚಿನ್ನ ಮೊದಲು, ನಾವು ಆಮೇಲೆ.)

ಇನ್ನು ಕಲ್ಲಿನ ವಿಷಯ. ನನ್ನ ಮದುವೆಯ ನೆಕ್ಲೇಸಿಗೆ ಕೆಂಪು, ಹಸಿರು ಕಲ್ಲುಗಳ ತೂಕವನ್ನೂ ಚಿನ್ನದ ರೇಟಿನಲ್ಲೇ ಹಾಕಿದ್ದರು. ವಾಪಸ್ ಕೊಡೋಕೆ ಹೋದಾಗ ಅದೇ ಅಂಗಡಿಯವರು ಕಲ್ಲು, ಒಳಗಿನ ಅರಗು ಎರಡನ್ನೂ ಕಳೆದು ಲೆಕ್ಕ ಕೊಟ್ಟರು. ಕೊಳ್ಳುವಾಗ ಚಿನ್ನ, ಮಾರುವಾಗ ಕಲ್ಲು! ಬಿಲ್ಲಿನಲ್ಲಿ ನೆಟ್ ವೆಯ್ಟ್, ಅಂದರೆ ಬರೀ ಚಿನ್ನದ ತೂಕ, ಬೇರೆಯಾಗಿ ಬರೆಸಿಕೊಳ್ಳದೆ ಕಾರ್ಡ್ ಉಜ್ಜಬೇಡಿ.

ಕಲ್ಲಿನ ಮಾತು ಬಂದಾಗ ಒಂದು ತಮಾಷೆ. ಮಾಣಿಕ್ಯ ಸೂರ್ಯನಿಗೆ, ನೀಲ ಶನಿಗೆ, ಎರಡನ್ನೂ ಒಟ್ಟಿಗೆ ಹಾಕಬಾರದು ಅಂತ ಜ್ಯೋತಿಷಿಗಳು ಹೆದರಿಸ್ತಾರೆ. ಎರಡೂ ಒಂದೇ ಖನಿಜ, ಕೊರಂಡಮ್. ಚೂರು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲಿ. ಪುರಾಣದಲ್ಲೂ ಶನಿ ಸೂರ್ಯನ ಮಗನೇ ತಾನೆ, ಜಗಳ ಮನೆಯೊಳಗಿನದ್ದು!

ವಜ್ರದ ಬಗ್ಗೆ ಜಾಸ್ತಿ ಹೇಳಲ್ಲ. ಲ್ಯಾಬಿನಲ್ಲಿ ಬೆಳೆಸಿದ್ದೂ ನಿಜವಾದ ವಜ್ರವೇ, ಬರೀ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಗಟ್ಟಿ ಅಂತ ಸುತ್ತಿಗೆಯಲ್ಲಿ ಹೊಡೆಯಬೇಡಿ, ಸೀಳಿಹೋಗುತ್ತೆ.

"ನಮ್ಮ ಅಜ್ಜನ ಕಾಲದಿಂದ ಅದೇ ಅಂಗಡಿ, ಮೋಸ ಇಲ್ಲ" ಅನ್ನೋರಿಗೆ ಒಂದು ಮಾತು. ಇರಬಹುದು. ಆದರೂ ಅಂಗಡಿಯವರ ಹತ್ತಿರ ಲೆನ್ಸ್ ಕೇಳಿ ಇಸ್ಕೊಂಡು ಒಡವೆಯ ಒಳಬದಿ ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ, 22ಕೆ916 (22 ಕ್ಯಾರೆಟ್, ಅಂದರೆ ಶೇ. 91.6 ಚಿನ್ನ), ಆಮೇಲೆ ಅಕ್ಷರ-ಅಂಕಿ ಬೆರೆತ ಆರು ಚಿಹ್ನೆಯ ಎಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರೋದು ಇದು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆ ಆಯ್ತು ಎಲ್ಲ ಬರುತ್ತೆ. ಆ್ಯಪ್‌ನಲ್ಲಿ ಬಳೆ ಅಂತ ಬಂದು ಕೈಯಲ್ಲಿ ಸರ ಇದ್ದರೆ, ಅಲ್ಲೇ ಎದ್ದು ಬನ್ನಿ.

ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಗಳನ್ನೂ ಹಾಲ್‌ಮಾರ್ಕಿಂಗ್ ಸೆಂಟರಿಗೆ ಒಯ್ದು ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಗಳವರೆಗೆ 200 ರೂಪಾಯಿ ನಿಗದಿಯಾಗಿತ್ತು, ಹೋಗೋ ಮುಂಚೆ ಒಂದು ಫೋನ್ ಮಾಡಿ. ಚಿಕ್ಕಮ್ಮನ್ನ ಒಪ್ಪಿಸೋ ಪ್ರಯತ್ನ ನಡೀತಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಮಾಡಿಸಿದ್ದರೆ ಎಷ್ಟು ಕ್ಯಾರೆಟ್ ಬಂತು ಅಂತ ಕಾಮೆಂಟ್ ಹಾಕಿ, ಅವರಿಗೆ ತೋರಿಸೋಕೆ ಬೇಕು.