1.40 ಅಂತೆ, ಯಾರು ಹೇಳಿದ್ದು?

ಪೆರ್ಲದಲ್ಲಿ ಅಕ್ಕನ ಮಗನ ಕಂಪ್ಯೂಟರಿನ ಬಯೋಸ್ (ಬೋರ್ಡಿನ ಸೆಟ್ಟಿಂಗ್ ಪುಟ) ನೋಡಿ ಬಂದೆ, ತಲೆ ಇನ್ನೂ ಬಿಸಿ. ಇಂಟೆಲ್ಲಿನ ಐ5-9600ಕೆ ಪ್ರೊಸೆಸರ್. ಓವರ್‌ಕ್ಲಾಕ್ ಮಾಡಲಿಕ್ಕೆ, ಅಂದರೆ ಕಂಪನಿ ಕೊಟ್ಟದ್ದಕ್ಕಿಂತ ವೇಗ ಏರಿಸಲಿಕ್ಕೆ, ಮಲ್ಟಿಪ್ಲಯರ್ 48 (4.8 ಗಿಗಾಹರ್ಟ್ಸ್) ಇಟ್ಟಿದ್ದಾನೆ, ಅದು ಸರಿ. ಆದರೆ ವಿಕೋರ್, ಅಂದರೆ ಪ್ರೊಸೆಸರಿಗೆ ಕೊಡುವ ವೋಲ್ಟೇಜ್, 1.40! ಎಂತಕ್ಕೆ ಮಾರಾಯ ಅಂದರೆ, "ಯೂಟ್ಯೂಬಿನವರು ಅಷ್ಟೇ ಹಾಕಿದ್ದು ಮಾವ."

ಆ ಯೂಟ್ಯೂಬಿನವ ಕೂತದ್ದು ಹಿಮ ಬೀಳುವ ಊರಲ್ಲಿ. ನಮ್ಮದು ಏಪ್ರಿಲ್ ತಿಂಗಳು, ಹಂಚಿನ ಮಾಡು, ಉಪ್ಪರಿಗೆ ಕೋಣೆ. ಕೋಣೆ ಎಷ್ಟು ಡಿಗ್ರಿ ಏರಿತೋ ಪ್ರೊಸೆಸರೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಅದರ ಮೇಲೆ ಬಿಸಿ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಹೆಚ್ಚುವಂಥದ್ದು. 1.25ರ ಬದಲು 1.40 ಕೊಟ್ಟರೆ, ಅದೇ ವೇಗಕ್ಕೆ ಸುಮಾರು ಶೇ. 25 ಜಾಸ್ತಿ ಬಿಸಿ. ಇದು ಹೈಸ್ಕೂಲಿನ ಗಣಿತ, ರಾಕೆಟ್ ಹಾರಿಸುವುದೇನಲ್ಲ.

ಪ್ರೊಸೆಸರನ್ನು ಪೂರ್ತಿ ದುಡಿಸುವ ಪ್ರೈಮ್95 ಹಾಕಿ, ಬಿಸಿ-ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದು ತೋರಿಸಿದೆ. ಕಣ್ಣುಮುಚ್ಚಿ ತೆರೆಯುವುದರೊಳಗೆ 100 ಡಿಗ್ರಿ. ಥರ್ಮಲ್ ಥ್ರಾಟ್ಲಿಂಗ್ (ಬಿಸಿ ತಾಳದೆ ಚಿಪ್ ತಾನೇ ವೇಗ ಇಳಿಸಿಕೊಳ್ಳುವುದು) ಸಾಲಿನಲ್ಲಿ ಕೆಂಪು ಅಕ್ಷರದಲ್ಲಿ 'ಯೆಸ್'. ವೇಗ 4.8ರಿಂದ ಜಾರಿ ಜಾರಿ 4.2. ಆರೂ ಕೋರ್ ದುಡಿಯುವಾಗ ಕಂಪನಿಯವರೇ 4.3 ಕೊಟ್ಟಿರುತ್ತಾರೆ ಸ್ವಾಮೀ! ಅಂದರೆ ನಮ್ಮ ಹುಡುಗ ಓವರ್‌ಕ್ಲಾಕ್ ಮಾಡಿ ಸ್ಪೀಡ್ ಕಮ್ಮಿ ಮಾಡಿಕೊಂಡ. ಭೇಷ್.

ಭಾವನವರ ತರ್ಕ ಇನ್ನೂ ಚಂದ. "ಸಂಜೆ ಎಲ್ಲರ ತೋಟದ ಪಂಪೂ ಒಟ್ಟಿಗೆ ಸುರುವಾದರೆ ಇಲ್ಲಿ ಲೈನೇ ಡೌನ್, ಅದಕ್ಕೆ ಸ್ವಲ್ಪ ಜಾಸ್ತಿ ಇಟ್ಟದ್ದು ಒಳ್ಳೆಯದೇ ಅಲ್ಲವಾ?" ಭಾವಾ, ಗೋಡೆಯ ಕರೆಂಟನ್ನು ಎಸ್‌ಎಂಪಿಎಸ್ 12 ವೋಲ್ಟ್ ಡಿಸಿ ಮಾಡುತ್ತದೆ, ಬೋರ್ಡಿನ ವಿಆರ್‌ಎಂ ಅದನ್ನು ಮತ್ತೆ ಒಂದು ಚಿಲ್ಲರೆ ವೋಲ್ಟಿಗೆ ಇಳಿಸುತ್ತದೆ. ಪಂಪಿಗೂ ವಿಕೋರಿಗೂ ಸಂಬಂಧ ಕಟ್ಟಬೇಡಿ.

ಒಂದೇ ಮಾಡೆಲಿನ ಎರಡು ಚಿಪ್ ಕೂಡ ಒಂದೇ ವೋಲ್ಟೇಜ್ ಕೇಳುವುದಿಲ್ಲ. ಇನ್ನೊಬ್ಬರ ನಂಬರ್ ಕಾಪಿ ಹೊಡೆಯುವುದೆಂದರೆ ಪಕ್ಕದ ಮನೆಯವರ ಬಿಪಿ ಮಾತ್ರೆ ನುಂಗಿದ ಹಾಗೆ. ಕೆಳಗಿನಿಂದ ಹತ್ತಬೇಕು. ಮೊದಲು ರ‍್ಯಾಮಿನ ಎಕ್ಸ್‌ಎಂಪಿ (ವೇಗ ಏರಿಸುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ರ‍್ಯಾಮಿನ ತಪ್ಪಿಗೆ ಪ್ರೊಸೆಸರ್ ಬೈಸಿಕೊಳ್ಳುತ್ತದೆ. 1.20ರಿಂದ ಸುರು ಮಾಡಿ, ಕಂಪ್ಯೂಟರ್ ಕ್ರ್ಯಾಶ್ ಆಗಿ ಬಿದ್ದರೆ 0.01 ಏರಿಸಿ. ವಿಂಡೋಸ್ ತೆರೆಯಿತು ಅಂದಮಾತ್ರಕ್ಕೆ ಸ್ಟೇಬಲ್ ಅಲ್ಲ. ನೀಲಿ ಪರದೆ ಬರದೇ ಇದ್ದರೂ ಇವೆಂಟ್ ವ್ಯೂವರಿನಲ್ಲಿ ಡಬ್ಲ್ಯುಎಚ್‌ಇಎ ಎರರ್ (ಹಾರ್ಡ್‌ವೇರ್ ತಪ್ಪಿನ ದಾಖಲೆ) ಕೂತಿದೆಯಾ ನೋಡಿ. ಲೋಡ್ ಬಂದಾಗ ವೋಲ್ಟೇಜ್ ಕುಸಿಯದಿರಲಿ ಅಂತ ಲೋಡ್‌ಲೈನ್ ಕ್ಯಾಲಿಬ್ರೇಶನ್ ಇರುವುದು ಹೌದು, ಹಾಗಂತ ತುತ್ತತುದಿಗೆ ಇಡಬೇಡಿ. ಲೋಡ್ ತಟ್ಟನೆ ಇಳಿದ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ನಿಮ್ಮ ಸಾಫ್ಟ್‌ವೇರಿಗೆ ಅದು ಕಾಣುವುದೂ ಇಲ್ಲ. ನಡುವಿನ ಮಟ್ಟ ಸಾಕು.

"ಅಷ್ಟೆಲ್ಲ ಯಾರಿಗೆ ಪುರುಸೊತ್ತು, ವೋಲ್ಟೇಜ್ ಆಟೋದಲ್ಲಿ ಬಿಟ್ಟರಾಯಿತಲ್ಲ" ಅನ್ನುವವರು ಈಗ ಬರುತ್ತೀರಿ. ಓವರ್‌ಕ್ಲಾಕ್ ಮಾಡದವರಿಗೆ ಆಯಿತು, ಒಪ್ಪಿದೆ. ಆದರೆ ಮಲ್ಟಿಪ್ಲಯರ್ ಏರಿಸಿ ಆಟೋ ಇಟ್ಟರೆ ಬಹಳಷ್ಟು ಬೋರ್ಡುಗಳು ಬೇಕಾದ್ದಕ್ಕಿಂತ ಧಾರಾಳವಾಗಿಯೇ ಸುರಿಯುತ್ತವೆ. ಕಂಪನಿಯ ಲೆಕ್ಕವೇ ತಪ್ಪುವುದೂ ಉಂಟು: ಇಂಟೆಲ್ಲಿನ 13 ಮತ್ತು 14ನೇ ತಲೆಮಾರಿನ ಚಿಪ್‌ಗಳು ಅತಿಯಾದ ವೋಲ್ಟೇಜ್ ಕೇಳಿ ಕೇಳಿ ಹಾಳಾಗತೊಡಗಿದ ಮೇಲೆ, 2024ರ ಆಗಸ್ಟಿನಲ್ಲಿ 1.55 ವೋಲ್ಟಿಗೆ ಮಿತಿ ಹಾಕುವ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶದ ತಿದ್ದುಪಡಿ) ಬಿಡಬೇಕಾಯಿತು.

ಅಂತೂ ಹುಡುಗನನ್ನು ಪಕ್ಕ ಕೂರಿಸಿ 1.20ರಿಂದ ಏರಿಸುತ್ತಾ ಬಂದೆವು. 1.24ಕ್ಕೆ ಬಂಡೆಯಂತೆ ನಿಂತಿತು, 4.8 ಕದಲಲಿಲ್ಲ. ನಿಜ ಹೇಳಲಾ? ಆಗ ನನಗೆ ಹೊಟ್ಟೆ ಉರಿಯಿತು. ನನ್ನಲ್ಲೂ ಅದೇ ಚಿಪ್, ಅದೇ ವೇಗಕ್ಕೆ 1.31 ಇಲ್ಲದೆ ಏಳುವುದಿಲ್ಲ. ಇಂಥ ಚಿನ್ನದಂಥ ಚಿಪ್ಪಿಗೆ ಇಷ್ಟು ದಿನ 1.40 ಕುಡಿಸಿದನಲ್ಲ ಅಂತ ಸಿಟ್ಟು ಇನ್ನೂ ಏರಿತು.

ಈಗ ಅವನ ಗೆಳೆಯ ಎಎಂಡಿಯ ರೈಜನ್ ಪ್ರೊಸೆಸರ್ ತಂದಿದ್ದಾನಂತೆ. ಅದರ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರಿನಲ್ಲಿ ಎಷ್ಟು ಹಾಕಲಿ ಅಂತ ಮೆಸೇಜ್ ಬಂದಿದೆ. ಕಮೆಂಟಿನಲ್ಲಿ ಯಾರಾದರೂ "ಆಲ್ ಕೋರ್ ಮೈನಸ್ 30" ಅಂತ ಬರೆದರೆ ಬ್ಲಾಕ್ ಮಾಡುತ್ತೇನೆ, ನೆಂಟರಾದರೂ ಸರಿ.