ದಪ್ಪ ಪಾದದ ಅಕ್ಷರ ಈಜಿಪ್ಟಿನಿಂದ ಬಂದದ್ದಲ್ಲ

ಅಕ್ಷರದ ಗೆರೆಯ ತುದಿಗೆ ಪಾದದಂತೆ ಸೇರಿಸುವ ಪಟ್ಟಿಯೇ ಸೆರಿಫ್. ಅದು ದಪ್ಪಗಿರುವ ಇಂಗ್ಲಿಷಿನ ಸ್ಲ್ಯಾಬ್ ಸೆರಿಫ್ ಅಕ್ಷರಗಳಿಗೆ 'ಈಜಿಪ್ಷಿಯನ್' ಎಂಬ ಹೆಸರೂ ಇದೆ. 1798ರಲ್ಲಿ ಈಜಿಪ್ಟಿಗೆ ಹೋದ ಫ್ರೆಂಚ್ ಸೈನಿಕರು ದುರ್ಬೀನಿನಲ್ಲಿ ಓದಲೆಂದು ಇವನ್ನು ಮಾಡಿಕೊಂಡರು ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಹೆಸರೇ ಹಾಗಿರುವಾಗ ನಂಬುವುದು ಸಹಜ, ಅಲ್ವಾ? ಆದರೆ ಇದಕ್ಕೆ ಆಧಾರವಿಲ್ಲ.

ಈ ಅಚ್ಚುಮೊಳೆ ಹುಟ್ಟಿದ್ದು ಲಂಡನ್ನಿನಲ್ಲಿ, 1810ರ ದಶಕದಲ್ಲಿ. ಗೋಡೆಯ ಜಾಹೀರಾತು ದೂರದಿಂದಲೇ ಕಣ್ಣಿಗೆ ಬೀಳಬೇಕಿತ್ತು. ಅದಕ್ಕೇ ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ, ತುದಿಯಲ್ಲಿ ಇಟ್ಟಿಗೆಯಂಥ ಪಟ್ಟಿ. ಆಗ ಅದರ ಹೆಸರು 'ಆಂಟೀಕ್'. 1816ರ ಸುಮಾರಿಗೆ 'ಈಜಿಪ್ಷಿಯನ್' ಎಂದು ಅಚ್ಚಾದದ್ದು ಸೆರಿಫೇ ಇಲ್ಲದ ಬೇರೊಂದು ಅಕ್ಷರ. ಇಂಗ್ಲೆಂಡಿಗೆ ಈಜಿಪ್ಟಿನ ಗುಂಗು ಹಿಡಿದಿದ್ದ ಕಾಲ ಅದು. ಆಮೇಲೆ ಆ ಹೆಸರು ದಪ್ಪ ಪಾದದವಕ್ಕೂ ಅಂಟಿಕೊಂಡಿತು.

ನೀವೇ ನೋಡಬಹುದು. ಆ ಕಾಲದ ಅಚ್ಚುಮೊಳೆ ಮಾದರಿ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಹೆಸರನ್ನಷ್ಟೇ ಓದಬೇಡಿ, ಅಕ್ಷರದ ಚಿತ್ರವನ್ನೂ ಇಸವಿಯನ್ನೂ ಹೋಲಿಸಿ. ಸಂದೇಶದಲ್ಲಿ ಆ ಕಾಲದ ಒಂದು ಕಾಗದವನ್ನಾದರೂ ತೋರಿಸಿದ್ದಾರಾ ಗಮನಿಸಿ.

1845ರ ಕ್ಲಾರೆಂಡನ್, 1934ರ ರಾಕ್‌ವೆಲ್ ಎಂಬ ಅಕ್ಷರಶೈಲಿಗಳು ಇದೇ ಮನೆತನದವು. ತಲೆಬರಹಕ್ಕೆ, ಅಂಗಡಿ ಬೋರ್ಡಿಗೆ ಇಷ್ಟು ಗಟ್ಟಿಯಾಗಿ ನಿಲ್ಲುವ ಅಕ್ಷರ ನನಗಂತೂ ಬೇರೆ ಕಂಡಿಲ್ಲ.